ಟಿಸಿಯ ಮೂರು ಹೆಗಲು

ದೀಪ ಹಚ್ಚುವ ಹೊತ್ತಿಗೆ ಓಣಿಯ ಒಂದು ಸಾಲಿನಲ್ಲಿ ಬಲ್ಬುಗಳು ಮಂಕಾಗುತ್ತವೆ, ಫ್ಯಾನು ಕುಂಟುತ್ತದೆ. ಎದುರು ಸಾಲಿನಲ್ಲಿ ಬೆಳಕಿಗೆ ಬರವಿಲ್ಲ. ಕುಂದಗೋಳ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಇಂಥ ಹೊತ್ತಿನಲ್ಲಿ ಕಟ್ಟೆಯ ಮೇಲೆ ಬರುವ ಮಾತು ಒಂದೇ: "ಟಿಸಿ ಸಾಲವಲ್ದು, ದೊಡ್ಡದು ಕೂಡಸ್ಬೇಕು."

ಟಿಸಿ ಎಂದರೆ ಟ್ರಾನ್ಸ್‌ಫಾರ್ಮರ್. ಸಾಲದೆ ಹೋಗುವುದು ಇಡೀ ಟಿಸಿಯೋ, ಅದರ ಮೂರನೆಯ ಒಂದು ಪಾಲೋ?

ಈ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂ ಹಳ್ಳಿಗಳಲ್ಲಿ ಕೂಡಿಸುವ ಟ್ರಾನ್ಸ್‌ಫಾರ್ಮರುಗಳಲ್ಲಿ 25, 63 ಮತ್ತು 100 ಕೆವಿಎ ಅಳತೆಯವು ಸಾಮಾನ್ಯ. 11 ಸಾವಿರ ವೋಲ್ಟಿನ ಮೂರು ತಂತಿ ಒಂದೊಂದು ಟಿಸಿಯೊಳಗೆ ಹೋಗುತ್ತವೆ. ಹೊರಗೆ ನಾಲ್ಕು ಬರುತ್ತವೆ. ಆರ್, ವೈ, ಬಿ ಎಂಬ ಮೂರು ಫೇಸು, ಒಂದು ನ್ಯೂಟ್ರಲ್. ಸಾಮಾನ್ಯ ಮನೆಗೆ ಬರುವುದು ಇವುಗಳಲ್ಲಿ ಒಂದು ಫೇಸು ಮತ್ತು ನ್ಯೂಟ್ರಲ್ ಮಾತ್ರ. ಹಾಗಾಗಿ 63 ಕೆವಿಎ ಟಿಸಿಯೆಂದರೆ ತಲಾ 21 ಕೆವಿಎ ಹೊರಬಲ್ಲ ಮೂರು ಹೆಗಲು. ಒಂದೊಂದು ಹೆಗಲಿಗೆ ಸುಮಾರು 84 ಆಂಪಿಯರ್.

ಅರವತ್ತು ಮನೆಗಳ ಒಂದು ಊರಿನ ಲೆಕ್ಕ ಹಾಕೋಣ. ಮನೆಗೆ ಸರಾಸರಿ ಒಂದೂವರೆ ಕಿಲೋವ್ಯಾಟಿನಂತೆ ಒಟ್ಟು 90 ಕಿಲೋವ್ಯಾಟ್. ಆದರೆ ಎಲ್ಲರ ಮನೆಯ ಮಿಕ್ಸರು, ಇಸ್ತ್ರಿ, ನೀರು ಕಾಯಿಸುವ ಕಾಯಿಲು ಒಂದೇ ಗಳಿಗೆಯಲ್ಲಿ ಉರಿಯುವುದಿಲ್ಲ. ಅರ್ಧದಷ್ಟು ಒಟ್ಟಿಗೆ ನಡೆಯುತ್ತದೆಂದು ಹಿಡಿದರೆ 45 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ 0.9 ಇದ್ದರೆ ಅದನ್ನು ಹೊರಲು 50 ಕೆವಿಎ ಬೇಕು. ಪ್ರತಿ ಫೇಸಿಗೆ ಇಪ್ಪತ್ತಿಪ್ಪತ್ತು ಮನೆ ಹಂಚಿದರೆ ಒಂದೊಂದರ ಮೇಲೆ 17 ಕೆವಿಎಗಿಂತ ಕಡಿಮೆ ಬೀಳುತ್ತದೆ. 63ರ ಟಿಸಿ ಆರಾಮಾಗಿ ಹೊರುತ್ತದೆ, ನಾಳೆ ಕಟ್ಟುವ ಹೊಸ ಮನೆಗಳಿಗೂ ಜಾಗ ಉಳಿಯುತ್ತದೆ.

ಈಗ ಅದೇ 50 ಕೆವಿಎ ಬೇರೆ ರೀತಿ ಹಂಚಿಹೋಗಲಿ: ಆರ್ ಮೇಲೆ 30, ವೈ ಮೇಲೆ 12, ಬಿ ಮೇಲೆ 8. ಒಟ್ಟು ಬದಲಾಗಿಲ್ಲ. ಆದರೆ ಆರ್ ಫೇಸಿನ ಸುರುಳಿ ತನ್ನ ಶಕ್ತಿಯ ಸುಮಾರು 1.4 ಪಟ್ಟು ಹೊರುತ್ತಿದೆ. ಸುರುಳಿಯಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗದಷ್ಟು ಏರುವುದರಿಂದ ಅಲ್ಲಿ ಕಾವು ಇಮ್ಮಡಿಯಾಗುತ್ತದೆ. ಎಣ್ಣೆ ಕಾಯುತ್ತದೆ, ಸುರುಳಿಯ ಕಾಗದದ ಹೊದಿಕೆ ಕರಕಾಗುತ್ತ ಹೋಗುತ್ತದೆ. ಸಮವಾಗಿದ್ದಾಗ ಹೆಚ್ಚುಕಡಿಮೆ ಖಾಲಿಯಿರುವ ನ್ಯೂಟ್ರಲ್ ತಂತಿಯಲ್ಲೂ ಈಗ 80 ಆಂಪಿಯರಿನಷ್ಟು ಹರಿಯುತ್ತದೆ. ಈ ಹಂಚಿಕೆಯನ್ನೇ ಉಳಿಸಿಕೊಳ್ಳುವುದಾದರೆ ಟಿಸಿಯನ್ನು ಅತಿ ಭಾರದ ಫೇಸಿನ ಮೂರು ಪಟ್ಟಿಗೆ ಆರಿಸಬೇಕು. 30ರ ಮೂರು ಪಟ್ಟು 90. ಅಂದರೆ 100 ಕೆವಿಎ ಟಿಸಿ.

ಹಂಚಿಕೆ ಕೆಡುವುದು ದಿನನಿತ್ಯದ ಸಣ್ಣ ಕೆಲಸಗಳಿಂದ. ಹೊಸ ಮನೆಯ ವೈರು ಕೈಗೆ ಸಿಕ್ಕ ತಂತಿಗೇ ಬೀಳುತ್ತದೆ. ಒಂದು ಫೇಸಿನ ಫ್ಯೂಜ್ ಹೋದ ರಾತ್ರಿ ಜೀವವಿರುವ ಫೇಸಿಗೆ ಹಲವರು ಜಿಗಿಯುತ್ತಾರೆ. ಬೆಳಗಾದ ಮೇಲೆ ಮರಳುವವರು ಕಡಿಮೆ. ಹಿಟ್ಟಿನ ಗಿರಣಿ, ಪಂಪ್‌ಸೆಟ್ಟುಗಳ ಮೋಟರು ಮೂರೂ ಫೇಸಿನಿಂದ ಸಮನಾಗಿ ಎಳೆಯುತ್ತವೆ. ಆದರೆ ನಿರಂತರ ಜ್ಯೋತಿ ಯೋಜನೆಯಡಿ ಪಂಪ್‌ಸೆಟ್ಟುಗಳ ಮಾರ್ಗ ಬೇರೆಯಾದ ಕಡೆ, ಊರೊಳಗಿನ ಟಿಸಿಗೆ ಉಳಿಯುವುದು ಬಹುಪಾಲು ಸಿಂಗಲ್ ಫೇಸ್ ಮನೆಗಳೇ. ಅಲ್ಲಿ ಹಂಚಿಕೆಯ ಲೆಕ್ಕಕ್ಕೆ ಇನ್ನಷ್ಟು ಮಹತ್ವ.

ನವಲಗುಂದದಂಥ ಎರೆ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಬೇಸಿಗೆಗೆ ಎರೆ ನೆಲ ಬಿರಿದಾಗ ಅರ್ಥಿಂಗ್ ಕಡ್ಡಿಗೂ ಮಣ್ಣಿಗೂ ನಂಟು ಸಡಿಲಾಗುತ್ತದೆ. ಅದೇ ಹೊತ್ತಿಗೆ ನ್ಯೂಟ್ರಲ್ ಕಡಿದರೆ, ಹಗುರ ಫೇಸಿನ ಮನೆಗಳಿಗೆ 230ರ ಬದಲು 400ರ ಸಮೀಪದ ವೋಲ್ಟೇಜು ನುಗ್ಗಬಹುದು. ಟಿವಿ, ಫ್ರಿಜ್ಜು ಸುಡುವುದಕ್ಕೆ ಅಷ್ಟು ಸಾಕು.

ವಾಲಿದ ಹಂಚಿಕೆಯ ಪರಿಹಾರಕ್ಕೆ ದೊಡ್ಡ ಖರ್ಚಿಲ್ಲ. ಸಂಜೆ ಏಳರ ಸುಮಾರಿಗೆ ಮತ್ತು ನಸುಕಿನಲ್ಲಿ ಲೈನ್‌ಮನ್ ತಂತಿಯ ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಿಡಿದು ಮೂರೂ ಫೇಸಿನ ಆಂಪಿಯರ್ ಬರೆದುಕೊಂಡರೆ ವಾಲಿರುವುದು ಯಾವ ಕಡೆಗೆಂದು ತಿಳಿಯುತ್ತದೆ. ಮೇಲಿನ ಊರಿನಲ್ಲಿ ಆರ್ ಫೇಸಿನಿಂದ 5 ಕೆವಿಎ ವೈಗೆ, 8 ಕೆವಿಎ ಬಿಗೆ ಸರಿಸಿದರೆ 17, 17, 16 ಆಗುತ್ತದೆ. ಕಂಬದ ಮೇಲಿನ ಈ ಕೆಲಸಕ್ಕೆ ಹೆಸ್ಕಾಂನವರೇ ಬರಬೇಕು, ಲೈನ್ ಬಂದ್ ಮಾಡಿಯೇ ಏರಬೇಕು. ಗ್ರಾಹಕರು 1912ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಆಗ ಬರೀ "ಕರೆಂಟ್ ಸಾಲವಲ್ದು" ಎನ್ನದೆ, ಯಾವ ಸಾಲಿನ ಎಷ್ಟು ಮನೆಗಳಲ್ಲಿ, ಎಷ್ಟು ಹೊತ್ತಿಗೆ ವೋಲ್ಟೇಜು ಇಳಿಯುತ್ತದೆಂದು ಹೇಳಿದರೆ, ಬಂದವರಿಗೆ ಮೊದಲು ಯಾವ ಫೇಸು ಅಳೆಯಬೇಕೆಂಬುದು ತಿಳಿದಿರುತ್ತದೆ.