ಬಣ್ಣದ ಹಾಳೆಯಿಂದ ಬೊಂಬೆಯಾಟಕ್ಕೆ

ಕಾರ್ತಿಕ ಮಾಸ ಕಳೆಯುವ ಹೊತ್ತಿಗೆ ದೆಹಲಿಯ ಆಕಾಶಕ್ಕೆ ಹೊಗೆಮಂಜು ಕವಿಯುವುದು ಈಚಿನ ವರ್ಷಗಳಲ್ಲಿ ವಾಡಿಕೆಯೇ ಆಗಿಬಿಟ್ಟಿದೆ. 2024ರ ನವೆಂಬರಿನಲ್ಲಿ ವಾಯುಮಾಲಿನ್ಯವು ಮಿತಿಮೀರಿದಾಗ ಶಾಲೆಯ ಪಾಠವೇ ಮನೆಯ ಪರದೆಗೆ ಬಂದುದನ್ನು ನಾವೆಲ್ಲರೂ ಕಂಡಿದ್ದೇವೆ. ಅಂತಹ ದಿನಗಳಲ್ಲಿ ದ್ವಾರಕಾದ ಬಹುಮಹಡಿ ಮನೆಗಳ ಮಕ್ಕಳಿಗೆ ಕೆಳಗಿನ ಆಟದಂಗಳ ನಿಷಿದ್ಧ. ಉಳಿಯುವುದು ಟೆಲಿವಿಷನ್ ಮತ್ತು ಮೊಬೈಲು ಮಾತ್ರ. 2ರಿಂದ 4 ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಸೂಚಿಸಿತು. ಸೂಚನೆ ಸರಿಯೇ. ಆದರೆ ಆ ಹೊತ್ತನ್ನು ಯಾವುದರಿಂದ ತುಂಬಬೇಕು?

ಪ್ರಾಣಿಗಳ ಚಿತ್ರಕ್ಕೆ ಬಣ್ಣ ತುಂಬುವ ಪುಸ್ತಕ ಈಗ ಪ್ರತಿ ಮನೆಯಲ್ಲೂ ಇದೆ. ಮಗು ಗಳಿಗೆ ಹೊತ್ತು ಬಣ್ಣ ಬಳಿಯುತ್ತದೆ, ತಾಯಿ ‘ಚೆನ್ನಾಗಿದೆ’ ಎನ್ನುತ್ತಾಳೆ, ಮರುದಿನ ಆ ಹಾಳೆ ಕಸದ ಬುಟ್ಟಿ ಸೇರುತ್ತದೆ. ಅಲ್ಲಿಗೆ ನಿಲ್ಲಿಸದೆ ಅದೇ ಹಾಳೆಯನ್ನು ಕತ್ತರಿಸಿ ಬೊಂಬೆಯನ್ನಾಗಿಸಿದರೆ ಎರಡು ಲಾಭಗಳುಂಟು. ಒಂದು, ಕತ್ತರಿಸುವಾಗ ಎರಡು ಕೈಗಳೂ ಕಣ್ಣೂ ಕೂಡಿ ಕೆಲಸ ಮಾಡುತ್ತವೆ. ಮುಂದೆ ಬರವಣಿಗೆಗೆ ಬೇಕಾದ ಬೆರಳಿನ ಹಿಡಿತ ಹೀಗೆಯೇ ಬಲಿಯುವುದು. ಎರಡನೆಯದು ನಮ್ಮಂತಹ ಹೊರನಾಡಿಗರಿಗೆ ಇನ್ನೂ ಮುಖ್ಯವಾದುದು: ಚಿತ್ರ ಸುಮ್ಮನಿರಬಹುದು, ಬೊಂಬೆ ಮಾತನಾಡಲೇಬೇಕು. ಅದು ಯಾವ ಭಾಷೆಯಲ್ಲಿ ಮಾತನಾಡಬೇಕೆಂಬುದು ನಮ್ಮ ಕೈಯಲ್ಲಿದೆ.

ಬೊಂಬೆಯನ್ನು ಮಾತನಾಡಿಸುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ತೊಗಲುಬೊಂಬೆಯಾಟದಲ್ಲಿ ಹದಮಾಡಿದ ತೆಳು ಚರ್ಮದ ಮೇಲೆ ಬಣ್ಣದ ಚಿತ್ರ ಬರೆದು, ಹಿಂದಿನಿಂದ ದೀಪ ಹಿಡಿದು, ಬಿಳಿಯ ಪರದೆಯ ಮೇಲೆ ಕುಣಿಸುತ್ತಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಈ ಕಲೆಗಾಗಿಯೇ 2025ರಲ್ಲಿ ಪದ್ಮಶ್ರೀ ಸಂದಿತು. ಮಕ್ಕಳು ಬಣ್ಣ ತುಂಬಿದ ಹಾಳೆಯೂ ಇದೇ ಕುಲಕ್ಕೆ ಸೇರಬಲ್ಲದು.

ಹಸು, ಕರು, ಹುಲಿ ಈ ಮೂರು ಚಿತ್ರಗಳನ್ನು ಆರಿಸಿಕೊಳ್ಳಿ. ಪುಣ್ಯಕೋಟಿಯ ಕತೆಗೆ ಇಷ್ಟೇ ಸಾಕು. ಹುಲಿಯ ಚಿತ್ರಕ್ಕೆ ಬಣ್ಣ ತುಂಬಿಸಿ, ಸಿಹಿತಿಂಡಿಯ ಖಾಲಿ ಪೆಟ್ಟಿಗೆಯ ರಟ್ಟಿಗೆ ಅಂಟಿಸಿ. ಒಂದು ಚಮಚ ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕಾಯಿಸಿದರೆ ಅಂಟು ಸಿದ್ಧ. ಒಣಗಿದ ಮೇಲೆ ಗೆರೆಯ ಹೊರಗೆ ಸ್ವಲ್ಪ ಅಂಚು ಬಿಟ್ಟು ಕತ್ತರಿಸಬೇಕು. ಕಾಲುಗಳ ನಡುವಿನ ಸಂದನ್ನು ಕತ್ತರಿಸದಿರುವುದೇ ಲೇಸು. ತೆಳುಗಾಲು ಬೇಗ ಮುರಿಯುತ್ತದೆ. ಬಾಲವನ್ನು ಬೇರೆಯಾಗಿ ಕತ್ತರಿಸಿ, ಸೂಜಿಯಿಂದ ತೂತು ಮಾಡಿ, ದಾರ ಪೋಣಿಸಿ ಎರಡು ಕಡೆಯೂ ಗಂಟು ಹಾಕಿದರೆ ಅದು ಅಲ್ಲಾಡುತ್ತದೆ. ಸೂಜಿಯ ಕೆಲಸ ಮಾತ್ರ ದೊಡ್ಡವರದು.

ಹಸುವಿಗೂ ಕರುವಿಗೂ ರಟ್ಟು ಬೇಡ. ತೆಳು ಹಾಳೆಯ ಮೇಲೆ ಸ್ಕೆಚ್ ಪೆನ್ನಿನಿಂದ ಬಣ್ಣ ತುಂಬಿಸಿ ಕತ್ತರಿಸಿ. ಮೊದಲು ಪೊರಕೆಯ ಹೊಸ ಕಡ್ಡಿಯನ್ನು ಹಿಂಬದಿಗೆ ಅಂಟಿಸಿ ಒಣಗಿಸಿ. ಅನಂತರ ಹತ್ತಿಯಿಂದ ತುಸು ಅಡಿಗೆ ಎಣ್ಣೆ ಸವರಿ ಒರೆಸಿ. ಎಣ್ಣೆ ಹತ್ತಿದ ಮೇಲೆ ಅಂಟು ಹಿಡಿಯದು. ಎಣ್ಣೆ ಕುಡಿದ ಕಾಗದದ ಮೂಲಕ ಬೆಳಕು ಹಾಯುತ್ತದೆ. ಇನ್ನು ಬಾಗಿಲಿಗೆ ಅಡ್ಡಲಾಗಿ ಬಿಳಿಯ ಪಂಚೆಯೊಂದನ್ನು ಕಟ್ಟಿ, ಹಿಂದೆ ಟಾರ್ಚು ಇಟ್ಟು, ಬೊಂಬೆಗಳನ್ನು ಬಟ್ಟೆಗೆ ಒತ್ತಿ ಹಿಡಿಯಿರಿ. ಹುಲಿ ಕರಿಯ ನೆರಳಾಗಿಯೂ ಹಸು ಬಣ್ಣದ ಬೆಳಕಾಗಿಯೂ ಕಾಣುವುದು! ಎಣ್ಣೆಯ ಕಾಗದದ ಹತ್ತಿರ ಹಣತೆ, ಮೇಣದಬತ್ತಿಗಳನ್ನು ಸರ್ವಥಾ ತರಬಾರದು.

ವಯಸ್ಸಿಗೆ ತಕ್ಕ ಕೆಲಸ ಕೊಡುವುದು ವಿವೇಕ. ಮೂರು ವರ್ಷದ ಮಗು ಬಣ್ಣ ಬಳಿಯಲಿ, ಕಾಗದ ಹರಿಯಲಿ. ನಾಲ್ಕೈದು ವರ್ಷದ ಮಗು ಮೊನೆ ಮೊಂಡಾದ ಕತ್ತರಿಯಿಂದ ನೇರ ಗೆರೆಯನ್ನು ಕತ್ತರಿಸಬಲ್ಲದು. ಬಾಗಿದ ಗೆರೆಗೆ ಇನ್ನಷ್ಟು ಅಭ್ಯಾಸ ಬೇಕು. ಕಣ್ಣಿಗೆಂದು ಮಣಿ, ಗುಂಡಿಗಳನ್ನು ಅಂಟಿಸಬೇಡಿ. ಎಳೆಯ ಮಕ್ಕಳು ಅವನ್ನು ನುಂಗಿದರೆ, ಅವು ಗಂಟಲಿಗೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ.

ಕೆಲಸ ನಡೆಯುತ್ತಿರುವಾಗ ಮಾತೂ ನಡೆಯಲಿ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹಸು ‘ಗಾಯ್’ ಆಗಿದೆ, ಹುಲಿ ‘ಟೈಗರ್’ ಆಗಿದೆ. ಕೊಂಬು, ಗೊರಸು, ಕೆಚ್ಚಲು, ಗಂಗೆದೊಗಲು, ಪಟ್ಟೆ, ಪಂಜ ಎಂಬ ಶಬ್ದಗಳನ್ನು ಪಟ್ಟಿ ಮಾಡಿ ಕಲಿಸಹೊರಟರೆ ಮಗು ಓಡಿಹೋಗುತ್ತದೆ. ಆದರೆ ಗಂಗೆದೊಗಲಿಗೆ ಯಾವ ಬಣ್ಣವೆಂದು ಕೇಳಿದರೆ ಆ ಶಬ್ದ ಬಣ್ಣದೊಡನೆ ಮನಸ್ಸಿಗೆ ಇಳಿಯುತ್ತದೆ. ಊರಿನಿಂದ ಬಂದು ಮೊಮ್ಮಕ್ಕಳೊಡನೆ ಮಾತು ಸಾಗದೆ ಮೂಲೆಯಲ್ಲಿ ಕುಳಿತಿರುವ ಅಜ್ಜಿಗೂ ಇಲ್ಲಿ ಕೆಲಸವುಂಟು. ಕತೆ ಗೊತ್ತಿರುವುದು ಅವರಿಗೇ ಅಲ್ಲವೆ?

ಕೊನೆಗೊಂದು ಮಾತು. ತೊಗಲುಬೊಂಬೆಗಳ ಗಾತ್ರವು ಪಾತ್ರದ ಅಂತಸ್ತನ್ನು ಅನುಸರಿಸುತ್ತದೆ. ದೇವರು, ರಾಜರ ಬೊಂಬೆ ದೊಡ್ಡದು, ಸಾಮಾನ್ಯರದು ಚಿಕ್ಕದು. ನಮ್ಮ ಆಟದಲ್ಲಿ ದೊಡ್ಡ ಬೊಂಬೆ ಯಾರದಾಗಬೇಕೆಂದು ಮಗುವನ್ನೇ ಕೇಳಿ. ಮೊದಲು ಅದು ಹುಲಿಯೆಂದೇ ಹೇಳೀತು. ಹಸಿದ ಕರುವಿಗೆ ಹಾಲೂಡಿಸಿ, ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಹಿಂದಿರುಗಿದ ಹಸುವಿನ ಕತೆ ಕೇಳಿದ ಮೇಲೆ ಮತ್ತೊಮ್ಮೆ ಕೇಳಿ. ಉತ್ತರ ಬದಲಾದರೆ ಆ ಸಂಜೆ ಸಾರ್ಥಕವಾದಂತೆ.