ಎಳ್ಳೆಣ್ಣೆ ಬೇಗ ಏಕೆ ಕೆಡದು?

ಪ್ರತಿ ದೀಪಾವಳಿಗೂ ಧಾರವಾಡದಿಂದ ನಮ್ಮ ಅವ್ವ ಎರಡು ಡಬ್ಬಿ ಚಟ್ನಿಪುಡಿ ಕಳಿಸುತ್ತಾಳೆ. ಒಂದು ಗುರೆಳ್ಳಿನದು (ಮೈಸೂರು ಕಡೆಯವರು ಹುಚ್ಚೆಳ್ಳು ಎನ್ನುತ್ತಾರೆ), ಇನ್ನೊಂದು ಅಗಸಿಯದು. ಕಳೆದ ಸಲ ಒಳ್ಳೆಯದನ್ನು ಕೊನೆಗಿಡುವ ಆಸೆಯಿಂದ ಸಂಕ್ರಾಂತಿಯವರೆಗೂ ಮುಟ್ಟಲಿಲ್ಲ. ತೆರೆದರೆ ಕಮಟು ವಾಸನೆ! ಎಸೆದೆವು. "ಭಾಳ ಚಲೋ ಇತ್ತವ್ವಾ" ಎಂದು ಫೋನಿನಲ್ಲಿ ಸುಳ್ಳನ್ನೂ ಹೇಳಿದೆವು. ಅದೇ ಕಪಾಟಿನಲ್ಲಿದ್ದ ನಲ್ಲೆಣ್ಣೆ ಮಾತ್ರ ಘಮಘಮಿಸುತ್ತಿತ್ತು. ರಾಯಪುರಂನ ಕಡಲಗಾಳಿಯನ್ನು ದೂರೋಣವೆಂದರೆ, ಗಾಳಿ ಎರಡಕ್ಕೂ ಒಂದೇ.

ಕಮಟಿಗೆ ಕಾರಣ ಗಾಳಿಯಲ್ಲಿನ ಆಮ್ಲಜನಕ. ಅದು ಎಣ್ಣೆಯೊಡನೆ ಕೂಡಿ ಅದನ್ನು ಕೆಡಿಸುತ್ತದೆ. ಇದನ್ನು ತಡೆಯುವ ವಸ್ತುಗಳು ಬೀಜಗಳಲ್ಲೇ ಇರುತ್ತವೆ. ಶಾಸ್ತ್ರಜ್ಞರು ಅವನ್ನು ಉತ್ಕರ್ಷಣ ನಿರೋಧಕಗಳು ಎನ್ನುತ್ತಾರೆ. 1922ರಲ್ಲಿ ಕಂಡುಹಿಡಿದ 'ಈ' ಜೀವಸತ್ವ ಇಂಥದೊಂದು. ಎಳ್ಳಿನಲ್ಲಿ ಅದರ ಜೊತೆಗೆ ಸೆಸಮಿನ್, ಸೆಸಮೋಲಿನ್ ಎಂಬವೂ ಉಂಟು. ಎಳ್ಳನ್ನು ಹುರಿದಾಗ ಸೆಸಮೋಲಿನ್ ಒಡೆದು ಸೆಸಮಾಲ್ ಆಗುತ್ತದೆ. ಕಾವಲಿಗೆ ಅದು ಇನ್ನೂ ಗಟ್ಟಿಗ. ತಮಿಳರು ನಲ್ಲೆಣ್ಣೆ ಎಂದರು, ನಮ್ಮವರು ಒಳ್ಳೆಣ್ಣೆ ಎಂದರು, ಇಬ್ಬರೂ ತಪ್ಪಲಿಲ್ಲ.

ಹಾಗಾದರೆ ಅಗಸಿಯಲ್ಲಿ ಇಂಥದು ಕಡಿಮೆಯೇ? ಇಲ್ಲ. ಅಗಸಿಯ ಸಿಪ್ಪೆಯಲ್ಲಿ ಲಿಗ್ನಾನ್ ಎಂಬುದು ಹೇರಳ. ಆದರೆ ಅದು ಎಣ್ಣೆಯಲ್ಲಿ ಕರಗುವಂಥದಲ್ಲ. ಗಾಣ ಹಾಕಿದರೆ ಹಿಂಡಿಯಲ್ಲೇ ಉಳಿಯುತ್ತದೆ. ಅಗಸಿ ಎಣ್ಣೆಯ ಅರ್ಧಕ್ಕೂ ಹೆಚ್ಚು ಪಾಲು ಲಿನೋಲೆನಿಕ್ ಆಮ್ಲ, ಅದೋ ಆಮ್ಲಜನಕಕ್ಕೆ ಬಲು ಬೇಗ ಸೋಲುತ್ತದೆ. ಗುರೆಳ್ಳಿನಲ್ಲಿ ಹೆಚ್ಚಿನದು ಲಿನೋಲಿಕ್ ಆಮ್ಲ. ಅದು ಅಷ್ಟು ದುರ್ಬಲವಲ್ಲದಿದ್ದರೂ ಎಳ್ಳಿನ ಕಾವಲುಗಾರರು ಅದಕ್ಕಿಲ್ಲ. ಆದ್ದರಿಂದ ಯಾವ ಬೀಜದಲ್ಲಿ ನಿರೋಧಕ ಎಷ್ಟಿದೆ ಎಂದಷ್ಟೇ ಕೇಳಿದರೆ ಸಾಲದು. ಅದು ಕಾಯಬೇಕಾದ ಎಣ್ಣೆ ಯಾವುದೆಂದೂ ಕೇಳಬೇಕು. (ಬೀಜದ ಎಣ್ಣೆಯನ್ನು ಕಾಯುವುದು ನಮ್ಮ ದೇಹವನ್ನೂ ಹಾಗೆಯೇ ಕಾಯುತ್ತದೆಂಬ ಜಾಹೀರಾತನ್ನು ಮಾತ್ರ ನಾವು ನಂಬುವುದಿಲ್ಲ. ಅದು ಬೇರೆಯೇ ಪರೀಕ್ಷೆಯಾಗಬೇಕಾದ ಮಾತು.)

ಇಡಿಯಾಗಿರುವ ಕಾಳಿಗೆ ಸಿಪ್ಪೆಯೇ ಕವಚ. ಪುಡಿ ಮಾಡಿದೊಡನೆ ಕಣಕಣಕ್ಕೂ ಗಾಳಿ ತಾಗುತ್ತದೆ. ಬೆಳಕು, ಸೆಕೆಗಳೂ ಕೇಡಿಗೆ ನೆರವಾಗುತ್ತವೆ. ತಾಮ್ರ, ಕಬ್ಬಿಣಗಳ ಸೋಂಕೂ ಅಷ್ಟೆ. ಗಾಜಿನ ಭರಣಿಯಲ್ಲಿ ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿಡುವುದು ಲೇಸು.

ಈ ಸಲ ಧೈರ್ಯ ಮಾಡಿ ಅವ್ವನಿಗೆ ನಿಜ ಹೇಳಿದೆವು. ಪುಡಿ ಬೇಡ, ಕಾಳು ಕಳಿಸು ಎಂದೆವು. ಆಕೆ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಹುರಿಯೂದು ಯಾರು? ನಿಮಗ ಹದಾ ಗೊತ್ತೈತೇನು?" ಎಂದಳು. ಈಗ ಭಾನುವಾರಕ್ಕೊಮ್ಮೆ ಫೋನನ್ನು ಒಲೆಯ ಪಕ್ಕಕ್ಕಿಟ್ಟುಕೊಂಡು, ಆಕೆ ಹೇಳಿದಂತೆ, ಒಂದು ವಾರಕ್ಕಾಗುವಷ್ಟೇ ಹುರಿಯುತ್ತೇವೆ.