ಕೈಗೆ ತಕ್ಕ ಕತ್ತಿ

1970ರ ದಶಕದ ನಡುವೆ ಲಂಡನ್ನಿನ ಒಂದು ಕ್ಯಾಮೆರಾ ಅಂಗಡಿಯ ಹಳೆಯ ಪೆಟ್ಟಿಗೆಯಲ್ಲಿ ರೋಜರ್ ಕ್ರಿಶ್ಚಿಯನ್ ಅವರಿಗೆ ಒಂದು ಕ್ರೋಮ್ ಕೊಳವೆ ಸಿಕ್ಕಿತು. ಅದು ಅಮೆರಿಕದ ಗ್ರಾಫ್ಲೆಕ್ಸ್ ಕಂಪನಿಯ ಫ್ಲ್ಯಾಶ್ ಹಿಡಿಕೆ. ಒಳಗೆ ಬ್ಯಾಟರಿ ಸೆಲ್ಲು, ತಲೆಯ ಮೇಲೆ ಬಲ್ಬು, ಬಲ್ಬಿನ ಹಿಂದೆ ತಟ್ಟೆಯಂಥ ಪ್ರತಿಫಲಕ. ಒಂದು ಕಾಲದ ಪತ್ರಿಕಾ ಛಾಯಾಗ್ರಾಹಕರು ಇದನ್ನು ತಮ್ಮ ದೊಡ್ಡ ಕ್ಯಾಮೆರಾದ ಪಕ್ಕಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ‘ಸ್ಟಾರ್ ವಾರ್ಸ್’ನ ಮೊದಲ ಚಿತ್ರಕ್ಕೆ ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ಕ್ರಿಶ್ಚಿಯನ್ ಆ ತಟ್ಟೆಯನ್ನೂ ಬಲ್ಬನ್ನೂ ಕಳಚಿದರು. ಕೊಳವೆಯ ಕೆಳಭಾಗಕ್ಕೆ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳನ್ನು ಸುತ್ತಲೂ ಅಂಟಿಸಿದರು. ನಡುವಿನ ಬಿಗಿಪಟ್ಟಿಗೆ ಒಂದು ಪಾಕೆಟ್ ಕ್ಯಾಲ್ಕುಲೇಟರಿನ ಗುಳ್ಳೆಗಾಜಿನ ತುಣುಕನ್ನು ತೂರಿಸಿದರು. ಸೊಂಟದ ಬೆಲ್ಟಿಗೆ ತೂಗುಹಾಕಲು ಬುಡದಲ್ಲೊಂದು ಉಂಗುರ. 1977ರಲ್ಲಿ ಜಗತ್ತು ಕಂಡ, ಕಥಾನಾಯಕ ಲ್ಯೂಕ್ ಸ್ಕೈವಾಕರ್‌ನ ಬೆಳಕಿನ ಕತ್ತಿ ಲೈಟ್‌ಸೇಬರ್ ಇಷ್ಟೇ.

ಕಾಸು ಕಡಿಮೆಯಿತ್ತು, ಸಿಕ್ಕಿದ್ದರಲ್ಲಿ ಮಾಡಿದರು ಎಂಬುದು ನಿಜ. ಆದರೆ ಆ ಹಿಡಿಕೆಯನ್ನು ಹತ್ತಿರದಿಂದ ನೋಡಿದರೆ ಅದು ಲ್ಯೂಕನಿಗೆ ಯಾಕೆ ಒಪ್ಪಿತು ಎಂಬುದು ತಿಳಿಯುತ್ತದೆ. ಅದರಲ್ಲಿ ಚೆಂದಕ್ಕೆಂದು ಸೇರಿಸಿದಂತೆ ಕಾಣುವುದು ಏನೂ ಇಲ್ಲ. ಪಟ್ಟಿ ಇರುವುದು ಬೆರಳು ಜಾರದಿರಲಿ ಎಂದು, ಗುಂಡಿ ಇರುವುದು ಹೆಬ್ಬೆರಳು ಎಟುಕುವಲ್ಲಿ. ಯಾರೋ ಬಹಳ ಕಾಲ ಬಳಸಿದ, ಕೆಲಸಕ್ಕೆ ಬಂದ ವಸ್ತು ಎಂದು ಮೊದಲ ನೋಟದಲ್ಲೇ ಅನಿಸುತ್ತದೆ. ಕಥೆಗೂ ಬೇಕಿದ್ದದ್ದು ಅದೇ. ಆ ಆಯುಧ ಲ್ಯೂಕನದಲ್ಲ, ಅವನ ತಂದೆಯದು. ಮುದುಕ ಓಬಿ-ವಾನ್ ಅದನ್ನು ಜೋಪಾನವಾಗಿ ಎತ್ತಿಟ್ಟು ಹುಡುಗನ ಕೈಗಿತ್ತದ್ದು. ಓಬಿ-ವಾನ್‌ನ ಸ್ವಂತ ಹಿಡಿಕೆಯಂತೂ ಇನ್ನೂ ವಿಚಿತ್ರ: ಮೊದಲ ಮಹಾಯುದ್ಧದ ಕಾಲದ ಒಂದು ಗ್ರೆನೇಡಿನ ಭಾಗ, ರೋಲ್ಸ್-ರಾಯ್ಸ್ ಜೆಟ್ ಎಂಜಿನ್ನಿನ ಒಂದು ಕೊಳವೆ, ಸ್ನಾನದಮನೆಯ ನಲ್ಲಿಯ ತಿರುಪು. ಗುಜರಿಯಿಂದ ಎದ್ದುಬಂದ ಈ ಚೂರುಗಳು ಒಂದಾದಾಗ ಕಾಣುವುದು ಹಲವು ಯುದ್ಧ ಕಂಡು ಮರಳುಗಾಡಿನಲ್ಲಿ ಅಡಗಿ ಕೂತ ಮನುಷ್ಯನ ಬಾಳು.

ಇನ್ನೂ ಒಳ್ಳೆಯ ಭಾಗ ಮುಂದಿದೆ. 1980ರ ಚಿತ್ರದಲ್ಲಿ ಲ್ಯೂಕ್ ತಂದೆಯೊಡನೆಯೇ ಕಾದು, ಕೈಯನ್ನೂ ಕೈಯಲ್ಲಿದ್ದ ತಂದೆಯ ಆಯುಧವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾನೆ. 1983ರಲ್ಲಿ ಅವನು ಮರಳಿ ಬರುವಾಗ ಹಿಡಿದಿರುವುದು ತಾನೇ ಮಾಡಿಕೊಂಡದ್ದನ್ನು. ಅದರ ಆಕಾರ ತಂದೆಯದರಂತಿಲ್ಲ, ಗುರು ಓಬಿ-ವಾನ್‌ನದನ್ನು ಹೋಲುತ್ತದೆ. ‘ನಾನು ಯಾರ ಮಗ’ ಎಂಬ ಪ್ರಶ್ನೆಗೆ ‘ನಾನು ಯಾರ ಶಿಷ್ಯ’ ಎಂದು ಆ ಹುಡುಗ ಕೊಟ್ಟ ಉತ್ತರ ಆ ಹಿಡಿಕೆಯಲ್ಲಿದೆ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಬೆಳಕಿನ ಅಲಗು ನೀಲಿಯಿಂದ ಹಸಿರಾದದ್ದಕ್ಕೆ ಕಾರಣ ಮಾತ್ರ ತೀರಾ ಲೌಕಿಕ. ಮರಳುಗಾಡಿನ ನೀಲಿ ಆಕಾಶದ ಎದುರು ನೀಲಿ ಅಲಗು ಎದ್ದು ಕಾಣುತ್ತಿರಲಿಲ್ಲ. ಆದರೂ ಹೊಸ ಬಣ್ಣ ಹೊಸ ಮನುಷ್ಯನದಾಯಿತು.

ಫ್ಯಾಂಟಸಿ ಕಥೆಗೆ, ಗೇಮಿಗೆ, ನಾಟಕಕ್ಕೆ ಆಯುಧ ವಿನ್ಯಾಸ ಮಾಡುವ ನಮ್ಮ ಹುಡುಗ ಹುಡುಗಿಯರ ಚಿತ್ರಗಳನ್ನು ನೋಡುವಾಗ ನನಗೆ ಇದೇ ನೆನಪಾಗುತ್ತದೆ. ಕೈಚಳಕಕ್ಕೆ ಕೊರತೆಯಿಲ್ಲ. ಅಲಗಿನ ತುಂಬ ಜ್ವಾಲೆ, ಹಿಡಿಯ ತುಂಬ ಹರಳು, ಎಲ್ಲ ಕಡೆ ಮುಳ್ಳು. ಆದರೆ ಒಬ್ಬ ನಾಯಕನ ಕತ್ತಿಯನ್ನು ಇನ್ನೊಬ್ಬನ ಕೈಗೆ ಕೊಟ್ಟರೂ ಏನೂ ವ್ಯತ್ಯಾಸವಾಗುವುದಿಲ್ಲ. ಪೆನ್ಸಿಲ್ ಎತ್ತುವ ಮುಂಚೆ ಕೇಳಿಕೊಳ್ಳಬೇಕಾದದ್ದು ಅದು ಹೇಗೆ ಕಾಣಬೇಕು ಎಂದಲ್ಲ. ಯಾರು ಮಾಡಿದ್ದು, ಯಾರ ಮೇಲಿನ ಸಿಟ್ಟಿಗೆ ಮಾಡಿದ್ದು, ಇವನ ಕೈಗೆ ಬರುವ ಮೊದಲು ಯಾರ ಬಳಿಯಿತ್ತು, ಅದರಿಂದ ಏನು ಆಗುವುದಿಲ್ಲ. ಇವಕ್ಕೆ ಉತ್ತರ ಸಿಕ್ಕರೆ ಆಕಾರದ ಅರ್ಧ ಕೆಲಸ ಮುಗಿದಂತೆ.

ಈ ವಿದ್ಯೆಯಲ್ಲಿ ಟೋಲ್ಕಿನ್ ದೊಡ್ಡ ಗುರು. 1937ರ ‘ದಿ ಹಾಬಿಟ್’ನಲ್ಲಿ ಬಿಲ್ಬೊ ಬ್ಯಾಗಿನ್ಸ್‌ಗೆ ಸಿಗುವ ‘ಸ್ಟಿಂಗ್’ ನಿಜಕ್ಕೂ ಕತ್ತಿಯೇ ಅಲ್ಲ. ಎತ್ತರದ ಎಲ್ಫ್‌ಗಳ ಪಾಲಿಗೆ ಅದೊಂದು ಚಾಕು, ಮೂರಡಿಯ ಹಾಬಿಟ್‌ನ ಕೈಯಲ್ಲಿ ಅದೇ ಖಡ್ಗ. ಶತ್ರುಗಳಾದ ಆರ್ಕ್‌ಗಳು ಹತ್ತಿರ ಬಂದರೆ ಅದು ನೀಲಿಯಾಗಿ ಹೊಳೆಯುತ್ತದೆ. ಆ ಹೊಳಪು ಏಟಿನ ಬಲವನ್ನೇನೂ ಹೆಚ್ಚಿಸುವುದಿಲ್ಲ. ಎಚ್ಚರ, ಅಡಗಿಕೋ, ಬೇಕಾದರೆ ಓಡು ಎನ್ನುತ್ತದೆ ಅಷ್ಟೆ. ಮನೆ, ಬೆಂಕಿಗೂಡು, ಎರಡು ಹೊತ್ತಿನ ತಿಂಡಿ ಬಿಟ್ಟು ಹೊರಟ ಅಂಜುಬುರುಕನಿಗೆ ಇದಕ್ಕಿಂತ ಒಪ್ಪುವ ಮಾಯೆ ಯಾವುದು? ಹೆಸರು ಕೂಡ ಮೊದಲೇ ಬಂದದ್ದಲ್ಲ. ಕತ್ತಲ ಕಾಡಿನಲ್ಲಿ ಯಾರ ನೆರವೂ ಇಲ್ಲದೆ ದೈತ್ಯ ಜೇಡವನ್ನು ಕೊಂದ ಮೇಲೆ ಬಿಲ್ಬೊ ತಾನೇ ಇಟ್ಟ ಹೆಸರು ಅದು.

ಇದಕ್ಕೂ ಆಳವಾದದ್ದು ಇನ್ನೊಬ್ಬ ಹಾಬಿಟ್ ಮೆರ್ರಿಯ ಕಿರುಗತ್ತಿ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಪುಸ್ತಕದಲ್ಲಿ ಆ ಕತ್ತಿ ಸಿಗುವುದು ಹಳೆಯ ಸಮಾಧಿದಿಬ್ಬವೊಂದರಲ್ಲಿ. ಬಹಳ ಹಿಂದೆ ಆಂಗ್ಮಾರ್ ಎಂಬ ರಾಜ್ಯದೊಡನೆ ಕಾದು ಅಳಿದುಹೋದ ಜನರು ಅದನ್ನು ಮಾಡಿದ್ದರು, ಆ ರಾಜ್ಯದ ಮಾಟಗಾರ ದೊರೆಯ ವಿರುದ್ಧವೇ ಮಾಡಿದ್ದರು. ನೂರಾರು ಪುಟಗಳ ನಂತರ ರಣರಂಗದಲ್ಲಿ ಅದೇ ದೊರೆ ಎದುರಾಗುತ್ತಾನೆ. ಪುಟ್ಟ ಮೆರ್ರಿ ಹಿಂದಿನಿಂದ ಅವನ ಕಾಲಿಗೆ ಇರಿಯುತ್ತಾನೆ, ಮಾಟ ಮುರಿಯುತ್ತದೆ, ಯೋಧೆ ಎಯೊವಿನ್‌ಳ ಏಟು ತಗಲುತ್ತದೆ. ಕಿರುಗತ್ತಿ ಹೊಗೆಯಾಡಿ ಕರಗಿಹೋಗುತ್ತದೆ. ಸತ್ತು ಮಣ್ಣಾದ ಕಮ್ಮಾರನ ಕೆಲಸ ಆ ಹೊತ್ತಿಗೆ ಪೂರ್ತಿಯಾಗುತ್ತದೆ. ಪೀಟರ್ ಜಾಕ್ಸನ್ ಸಿನಿಮಾದಲ್ಲಿ ಈ ಚರಿತ್ರೆ ಬಿಟ್ಟುಹೋಯಿತು. ಅಲ್ಲಿ ಮೆರ್ರಿ ಇರಿಯುವುದು ಯಾವುದೋ ಒಂದು ಚೂರಿಯಿಂದ. ಆ ಚಿತ್ರಗಳನ್ನು ನಾನು ತುಂಬ ಪ್ರೀತಿಸುತ್ತೇನೆ, ಆದರೂ ಈ ಒಂದು ನಷ್ಟ ದೊಡ್ಡದೆಂದೇ ನನ್ನ ಅಭಿಪ್ರಾಯ. ದೃಶ್ಯ ಹಾಗೇ ಇದೆ, ಅದಕ್ಕೆ ಕಾರಣವೇ ಇಲ್ಲವಾಗಿದೆ.

ಉಳಿದಂತೆ ಆ ಚಿತ್ರಗಳಿಗೆ ಪರಿಕರ ಮಾಡಿದ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನ ವೇಟಾ ವರ್ಕ್‌ಶಾಪ್‌ನ ಕೆಲಸ ಈ ಕಲೆಯ ಪಠ್ಯಪುಸ್ತಕವೇ ಸರಿ. ರಿಚರ್ಡ್ ಟೇಲರ್ ಮುಂದಾಳತ್ವ, ಅಲನ್ ಲೀ ಮತ್ತು ಜಾನ್ ಹೋವ್ ಅವರ ಕಲ್ಪನಾಚಿತ್ರಗಳು, ಪೀಟರ್ ಲಯನ್ ಬಡಿದ ಉಕ್ಕಿನ ಅಲಗುಗಳು. ಎಲ್ಫ್‌ಗಳ ಕತ್ತಿ ಬಳ್ಳಿಯ ಹಾಗೆ ಬಾಗಿದೆ, ಕುಬ್ಜರ ಕೊಡಲಿಯಲ್ಲಿ ಬರೀ ನೇರ ಗೆರೆ ಮತ್ತು ಮೂಲೆ, ಕುದುರೆ ನಾಡಿನ ರಾಜನ ಕತ್ತಿಯ ಹಿಡಿಯಲ್ಲಿ ಕುದುರೆ ತಲೆಗಳು. ಕೇಡಿಗಳಾದ ಉರುಕ್-ಹೈಗಳದ್ದು ಒಂದೇ ಅಚ್ಚಿನಲ್ಲಿ ಕತ್ತರಿಸಿ ತೆಗೆದ ಒರಟು ಕಬ್ಬಿಣದ ಪಟ್ಟಿ, ತುದಿಯಲ್ಲಿ ಒಂದು ಕೊಕ್ಕೆ. ಅಲಂಕಾರವಿಲ್ಲ, ಹೆಸರಿಲ್ಲ. ಹಿಡಿದವನಿಗೂ ಹೆಸರಿಲ್ಲವಲ್ಲ! ಅವನನ್ನೂ ಕಾರ್ಖಾನೆಯಲ್ಲಿ ಹೆತ್ತದ್ದು. ಹತ್ತಿರದ ದೃಶ್ಯಕ್ಕೆ ಉಕ್ಕು, ಹೊಡೆದಾಟಕ್ಕೆ ಅಲ್ಯೂಮಿನಿಯಂ, ಬೀಳುವ ಏಳುವ ಸಾಹಸಕ್ಕೆ ರಬ್ಬರು ಎಂದು ಒಂದೇ ಕತ್ತಿಗೆ ಹಲವು ನಕಲುಗಳಿದ್ದವು. ಅರಗಾರ್ನ್ ಪಾತ್ರದ ವಿಗೊ ಮಾರ್ಟೆನ್ಸನ್ ಮಾತ್ರ ಉಕ್ಕಿನದನ್ನೇ ಕೇಳಿ ಹಿಡಿದು, ಚಿತ್ರೀಕರಣ ಇಲ್ಲದಾಗಲೂ ಹೊತ್ತು ತಿರುಗಿದರು. ಭಾರದ ಕತ್ತಿ ಹೊತ್ತವನ ಭುಜ ಬೇರೆಯೇ ರೀತಿಯಲ್ಲಿ ನಿಲ್ಲುತ್ತದೆ. ಅದನ್ನು ನಟಿಸಿ ತೋರಿಸುವುದು ಬಹಳ ಕಷ್ಟ.

ಭಾರದ ಮಾತು ಬಂದಾಗ ಆ ಚಿತ್ರಗಳ ಕಥೆಯ ನಡುವಿರುವ ಮಾಯಾ ಉಂಗುರವನ್ನು ಹೇಳದೆ ಹೋಗುವಂತಿಲ್ಲ. ನ್ಯೂಜಿಲೆಂಡಿನದೇ ನೆಲ್ಸನ್ ಊರಿನ ಅಕ್ಕಸಾಲಿಗ ಯೆನ್ಸ್ ಹ್ಯಾನ್ಸನ್ ಅವರ ಮನೆತನದ ಅಂಗಡಿ ಮಾಡಿಕೊಟ್ಟ ಆ ಬಂಗಾರದ ಬಳೆಯಂಥ ಉಂಗುರದಲ್ಲಿ ಹರಳಿಲ್ಲ, ಕೆತ್ತನೆಯಿಲ್ಲ. ಬೆಂಕಿಗೆ ಹಾಕಿದಾಗಷ್ಟೇ ಅಕ್ಷರ ಮೂಡುತ್ತದೆ. ಗಾತ್ರ ಗಾತ್ರದ ಹಲವು ಉಂಗುರಗಳನ್ನು ಮಾಡಲಾಯಿತು, ತೀರಾ ಹತ್ತಿರದ ದೃಶ್ಯಕ್ಕೆ 8 ಅಂಗುಲ ಅಗಲದ್ದೂ ಒಂದಿತ್ತು. ಬಿಲ್ಬೊ ಮನೆ ಬಿಡುವಾಗ ಅಂಗೈ ಓರೆ ಮಾಡಿ ಉಂಗುರವನ್ನು ಜಾರಿಸುವ ದೃಶ್ಯ ನೆನಪಿರಬಹುದು. ಚಿನ್ನದ ಉಂಗುರ ಹಲಗೆಯ ಮೇಲೆ ಬಿದ್ದರೆ ಟಣ್ಣನೆ ಪುಟಿದು ಉರುಳಬೇಕು. ಅದು ‘ಧಡ್’ ಎಂದು ಬಿದ್ದಲ್ಲೇ ಕೂತುಬಿಡುತ್ತದೆ. ನೆಲದಡಿ ಅಯಸ್ಕಾಂತ ಇಟ್ಟಿದ್ದರು. ಪುಟಿಯದ ಒಂದೇ ಒಂದು ಬೀಳುವಿಕೆಯಿಂದ ಆ ವಸ್ತುವಿಗೆ ತನ್ನದೇ ಇಚ್ಛೆಯಿದೆ ಎಂಬುದು ನೋಡುಗನ ಮೈಗೆ ತಟ್ಟುತ್ತದೆ. ಮಾಯೆಯನ್ನು ತೋರಿಸಲು ಹೊಳಪು, ಹೊಗೆ, ಮಿಂಚು ಬೇಕೇಬೇಕು ಎನ್ನುವವರು ಈ ಒಂದು ದೃಶ್ಯವನ್ನು ಮತ್ತೆ ಮತ್ತೆ ನೋಡಬೇಕು.

ಹ್ಯಾರಿ ಪಾಟರ್‌ನ ಮಂತ್ರದಂಡಗಳ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಎರಡು ಸಂಗತಿ ಸಾಕು. ಲೂಸಿಯಸ್ ಮಾಲ್ಫಾಯ್ ಹಾವಿನ ತಲೆಯ ಊರುಗೋಲಿನೊಳಗಿಂದ ದಂಡ ಹಿರಿಯುತ್ತಾನಲ್ಲ, ಆ ಊರುಗೋಲು ನಟ ಜೇಸನ್ ಐಸಾಕ್ಸ್ ಅವರದೇ ಸಲಹೆ. ಕೆಳಗಿನವರನ್ನು ಮುಟ್ಟಲೂ ಹೇಸುವ ಶ್ರೀಮಂತ ಕೋಲಿನಿಂದಲೇ ಜನರನ್ನು ಪಕ್ಕಕ್ಕೆ ಸರಿಸುತ್ತಾನೆ. ಇನ್ನೊಂದು, ಡಂಬಲ್‌ಡೋರ್‌ನ ಗಂಟುಗಂಟಾದ ದಂಡ. ಅದೇ ಎಲ್ಲಕ್ಕಿಂತ ಬಲಶಾಲಿ ದಂಡ ಎಂಬ ಗುಟ್ಟು 2007ರ ಕೊನೆಯ ಪುಸ್ತಕದಲ್ಲಿ ಬಯಲಾಗುವ ಹೊತ್ತಿಗೆ ಅದು ಆಗಲೇ ತೆರೆಯ ಮೇಲೆ ಬಂದಿತ್ತು. ಗೊತ್ತಿಲ್ಲದೆಯೂ ಅದನ್ನು ಉಳಿದವುಗಳಿಗಿಂತ ಬೇರೆಯಾಗಿ, ದೂರದಿಂದಲೇ ಗುರುತಾಗುವಂತೆ ಮಾಡಿದ್ದರಿಂದ ಮುಂದಿನ ಕಥೆ ಉಳಿಯಿತು.

ನಮ್ಮ ಮನೆಯಲ್ಲೇ ಇರುವ ಮಹಾಭಾರತದ ಕಥೆಗೆ ಬಂದರೆ, ಮಾಯಾಯುಧ ಎಂದರೇನು ಎಂಬುದಕ್ಕೆ ಕರ್ಣನ ಶಕ್ತ್ಯಾಯುಧಕ್ಕಿಂತ ಮಿಗಿಲಾದ ಉದಾಹರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಹುಟ್ಟಿನಿಂದ ಮೈಗಂಟಿ ಬಂದ ಕವಚ ಕುಂಡಲಗಳನ್ನು ಸೀಳಿ ಕೊಟ್ಟು ಪಡೆದದ್ದು ಅದು. ಬೆಲೆ ಆಗಲೇ ಸಂದಿದೆ, ರಕ್ತದಲ್ಲಿ. ಇಂದ್ರ ಹಾಕಿದ ಕಟ್ಟು: ಒಬ್ಬನ ಮೇಲೆ, ಒಂದೇ ಸಲ. ಕರ್ಣ ಅದನ್ನು ಅರ್ಜುನನಿಗೆಂದು ಮೀಸಲಿಡುತ್ತಾನೆ. ರಾತ್ರಿಯ ಯುದ್ಧದಲ್ಲಿ ಘಟೋತ್ಕಚ ಕೌರವ ಸೇನೆಯನ್ನು ತುಳಿದು ಹಾಕುವಾಗ ಸುತ್ತಲಿನವರು ಬೇಡುತ್ತಾರೆ, ಈಗಲೇ ಬಿಡು ಎಂದು. ಬೇಡಿದವರಿಗೆ ಇಲ್ಲವೆನ್ನಲಾಗದ್ದು ಅವನ ಸ್ವಭಾವ. ಆಯುಧವನ್ನು ಗಳಿಸಿಕೊಟ್ಟದ್ದೂ ಅದೇ ಸ್ವಭಾವ, ಕಳೆದದ್ದೂ ಅದೇ. ಆ ‘ಒಂದೇ ಸಲ’ ಎಂಬ ಮಿತಿ ಇಲ್ಲದಿದ್ದರೆ ಅದು ಇನ್ನೊಂದು ದಿವ್ಯಾಸ್ತ್ರವಾಗಿ ಪಟ್ಟಿಯಲ್ಲಿ ಕಳೆದುಹೋಗುತ್ತಿತ್ತು.

ಒಂದೇ ಆಯುಧ ಇಬ್ಬರ ಕೈಯಲ್ಲಿ ಹೇಗೆ ಬೇರೆಯಾಗುತ್ತದೆ ಎಂದು ತಿಳಿಯಬೇಕಾದರೆ ಗದೆಯನ್ನು ನೋಡಬೇಕು. ಭೀಮನೂ ದುರ್ಯೋಧನನೂ ಬಲರಾಮನ ಬಳಿ ಕಲಿತವರೇ. ಆದರೆ ಭೀಮನದು ಹುಟ್ಟುಬಲ, ದುರ್ಯೋಧನನದು ಸಾಧನೆ. ಭೀಮನ ಕಬ್ಬಿಣದ ಪ್ರತಿಮೆ ಮಾಡಿಸಿಕೊಂಡು ದುರ್ಯೋಧನ 13 ವರ್ಷ ಅದರ ಮೇಲೆ ಅಭ್ಯಾಸ ಮಾಡಿದನೆಂದು ವ್ಯಾಸಭಾರತ ಹೇಳುತ್ತದೆ. ಹಾಗಾದರೆ ಎರಡು ಗದೆಗಳನ್ನು ಒಂದೇ ರೀತಿ ಬರೆಯುವುದು ಹೇಗೆ? ನಾನಾದರೆ ದುರ್ಯೋಧನನದಕ್ಕೆ ಹಿಡಿ ಸವೆದಿರಬೇಕು, ತಲೆಯ ಒಂದೇ ಮಗ್ಗುಲು ಜಜ್ಜಿಹೋಗಿರಬೇಕು ಎನ್ನುತ್ತೇನೆ. ವರ್ಷಗಟ್ಟಲೆ ಕಬ್ಬಿಣಕ್ಕೆ ಬಡಿದ ಗದೆಯದು. ಭೀಮನದು ಸರಳವಾಗಿರಲಿ, ದಪ್ಪಗಿರಲಿ. ಮರ ಕಿತ್ತು ಹೊಡೆಯುವವನಿಗೆ ನಾಜೂಕಿನ ಹಂಗೇನು? ಕ್ಯಾಲೆಂಡರ್ ಚಿತ್ರಗಳಿಂದ ಹಿಡಿದು ಟಿ.ವಿ. ಧಾರಾವಾಹಿಗಳವರೆಗೆ ಇಬ್ಬರಿಗೂ ಅದೇ ಹೊಳೆಯುವ ಚಿನ್ನದ ಬಣ್ಣದ ಗುಂಡು ಕೊಟ್ಟಿರುವುದು ನನಗೆ ಬೇಸರದ ಸಂಗತಿ. ರನ್ನ ಕವಿ ಒಂದು ಇಡೀ ಕಾವ್ಯವನ್ನೇ ಗದಾಯುದ್ಧದ ಸುತ್ತ ಕಟ್ಟಿದ ನಾಡಿದು.

ಆಯುಧದ ಭಾರವನ್ನು ತೋರಿಸುವ ಸಮಸ್ಯೆಯನ್ನು ಯಕ್ಷಗಾನ ತನ್ನದೇ ದಾರಿಯಲ್ಲಿ ಬಿಡಿಸಿಕೊಂಡಿದೆ. ರಾತ್ರಿಯಿಡೀ ಕುಣಿಯುವ ವೇಷಧಾರಿಗೆ ಭಾರ ಶತ್ರು. ಹಾಗಾಗಿ ಹಗುರ ಮರದ ಆಭರಣ, ಅದರ ಮೇಲೆ ಬೇಗಡೆ. ಬಿಲ್ಲು ಚಿಕ್ಕದು, ಕಿರೀಟಕ್ಕೂ ಭುಜಕೀರ್ತಿಗೂ ತಾಗದಷ್ಟು. ಅದರ ಭಾರವನ್ನು ಚೆಂಡೆ ಹೇಳುತ್ತದೆ, ಕಾಲಿನ ಹೆಜ್ಜೆ ಹೇಳುತ್ತದೆ. ಸಿನಿಮಾದವರು ಅಯಸ್ಕಾಂತದಿಂದ ಮಾಡಿದ್ದನ್ನು ಇಲ್ಲಿ ಚೆಂಡೆಯ ಪೆಟ್ಟಿನಿಂದ ಮಾಡುತ್ತಾರೆ.

ಹೊಸದಾಗಿ ಕಲ್ಪಿಸುವವರಿಗೆ ನಮ್ಮಲ್ಲಿ ಸಾಮಗ್ರಿ ಹೇರಳವಾಗಿದೆ. ಊರೂರಿನ ವೀರಗಲ್ಲುಗಳಲ್ಲಿ ಕತ್ತಿ ಗುರಾಣಿಗಳನ್ನು ಹಿಡಿಯುವ ಬಗೆಯನ್ನು ಕಲ್ಲಿನಲ್ಲೇ ನೋಡಬಹುದು. ಕೊಡಗಿನ ಒಡಿಕತ್ತಿಯನ್ನು ತೆಗೆದುಕೊಳ್ಳಿ. ಮುಂದಕ್ಕೆ ಬಾಗಿದ ಅಗಲ ಅಲಗು, ಒಳಬಾಗಿನಲ್ಲಿ ಬಾಯಿ. ಅದನ್ನು ಸಿಕ್ಕಿಸುವುದು ಸೊಂಟದ ಪಕ್ಕಕ್ಕಲ್ಲ, ಬೆನ್ನಿಗೆ, ತೋಡಂಗ್ ಎಂಬ ಹಿತ್ತಾಳೆಯ ಕೊಕ್ಕೆಯಲ್ಲಿ. ಪೊದೆ ನುಗ್ಗಿ ಬೆಟ್ಟ ಹತ್ತುವವನಿಗೆ ಎರಡೂ ಕೈ ಬಿಡುವಾಗಿರಬೇಕು, ಪಕ್ಕದಲ್ಲಿ ಏನೂ ತೊಡರಬಾರದು. ಮುಂದೆ ನಡುಕಟ್ಟಿನಲ್ಲಿ ಪೀಚೆಕತ್ತಿ ಎಂಬ ಚೂರಿ ಬೇರೆ ಇರುತ್ತದೆ. ಒಂದು ಆಯುಧ ಬಳಸದಿರುವಾಗ ಮೈಯ ಯಾವ ಜಾಗದಲ್ಲಿರುತ್ತದೆ ಎಂಬುದನ್ನು ಬಹಳ ವಿನ್ಯಾಸಕಾರರು ಯೋಚಿಸುವುದೇ ಇಲ್ಲ. ಇಲ್ಲಿ ನಾಡಿನ ಕಾಡೇ ಅದನ್ನು ಯೋಚಿಸಿಕೊಟ್ಟಿದೆ. ಇಂಥದ್ದೊಂದು ಕತ್ತಿಗೆ ಮಾಯೆ ಕೊಡುವುದಾದರೆ ಬೆಂಕಿ ಉಗುಳಿಸಬೇಕಾಗಿಲ್ಲ. ಅದು ಯಾವ ಮುಳ್ಳುಪೊದೆಯನ್ನಾದರೂ ಒಂದೇ ಏಟಿಗೆ ಸೀಳಿ ದಾರಿ ಬಿಡಿಸಲಿ. ಆದರೆ ಹಿಡಿದವಳು ಹಿಂದಿರುಗಿ ನೋಡುವಷ್ಟರಲ್ಲಿ ಆ ದಾರಿ ಮುಚ್ಚಿಕೊಂಡಿರಲಿ. ಅದನ್ನು ಹಿರಿದು ಕಾಡಿಗೆ ಕಾಲಿಡುವವಳು ಎಂಥ ಹೆಂಗಸು, ಮನೆಯಲ್ಲಿ ಯಾರನ್ನು ಬಿಟ್ಟು ಬಂದಿದ್ದಾಳೆ, ಅವಳಿಗಿಂತ ಮುಂಚೆ ಅದನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಹೋದವರು ಯಾಕೆ ಮರಳಲಿಲ್ಲ ಎಂಬುದನ್ನು ಬರೆಯುವವರು ಈಗ ಶುರುಮಾಡಬಹುದು.